ನನ್ನ ಮೊಬೈಲ್‌ನಲ್ಲಿ ಉಳಿದ ಒಂಬತ್ತು ಆ್ಯಪ್‌ಗಳು

2025ರ ಜೂನ್ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಧಾರಾಕಾರ ಮಳೆ. ಶಾಲೆಯ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದೆ. ಆಗ ವಾಟ್ಸಪ್‌ನಲ್ಲಿ ಒಂದು ಸಂದೇಶ ಬಂತು. ನಮ್ಮ ಸ್ಕೂಟರ್ ಸಂಚಾರ ನಿಯಮ ಉಲ್ಲಂಘಿಸಿದೆಯೆಂದೂ 500 ರೂಪಾಯಿ ದಂಡ ಇಂದೇ ಕಟ್ಟದಿದ್ದರೆ ಪ್ರಕರಣ ನ್ಯಾಯಾಲಯಕ್ಕೆ ಹೋಗುವುದೆಂದೂ ಅದರಲ್ಲಿತ್ತು. ಸ್ಕೂಟರಿನ ನಂಬರ್ ಸರಿಯಾಗಿಯೇ ಇತ್ತು. ಕೆಳಗೊಂದು ಫೈಲ್ ಇತ್ತು.

ನ್ಯಾಯಾಲಯ ಎಂಬ ಪದ ಕಂಡೊಡನೆ ಕೈ ನಡುಗಿತು. ಫೈಲ್ ಒತ್ತಿದೆ. ಒಂದು ಆ್ಯಪ್ ತೆರೆಯಿತು. ಸರಕಾರದ ಲಾಂಛನ ಕೂಡಾ ಇತ್ತು. ಎಸ್‌ಎಂಎಸ್ ಓದಲು ಅನುಮತಿ ಕೇಳಿತು, ಕೊಟ್ಟೆ. ಕಾರ್ಡಿನ ನಂಬರ್ ಕೇಳಿತು, ಅದನ್ನೂ ತುಂಬಿದೆ. ಅನ್ನ ಕಲಸಿ ಒಂದು ತುತ್ತು ಬಾಯಿಗಿಡುವಷ್ಟರಲ್ಲಿ ಖಾತೆಯಿಂದ 9,900 ರೂಪಾಯಿ ಹೋಗಿತ್ತು.

ಓದುಗ ಸಹೋದರ ಸಹೋದರಿಯರೇ, ಇದಕ್ಕಿಂತ ದೊಡ್ಡ ತಪ್ಪನ್ನು ನಾನು ಆ ಬಳಿಕ ಮಾಡಿದೆ. ಯಾರಿಗೂ ಹೇಳದೆ ಸುಮ್ಮನೆ ಕುಳಿತೆ! ನಮ್ಮ ಓಣಿಯ ಹೆಂಗಸರಿಗೆಲ್ಲ ಮೊಬೈಲ್ ಕಲಿಸುವವಳು ನಾನು. 'ಟೀಚರೇ, ಇದರಲ್ಲಿ ಏನೋ ಬಂದಿದೆ, ಸ್ವಲ್ಪ ನೋಡಿ' ಎಂದು ಫೋನ್ ಹಿಡಿದು ಬರುವವರು ದಿನಕ್ಕೆ ಒಬ್ಬರಾದರೂ ಇರುತ್ತಾರೆ. ಆ ಟೀಚರಿಗೇ ಮೋಸವಾಯಿತೆಂದು ಹೇಳುವುದು ಹೇಗೆ? ಮಧ್ಯಾಹ್ನದ ನಂತರದ ಎರಡು ಪೀರಿಯಡ್‌ಗಳಲ್ಲಿ ಏನು ಪಾಠ ಮಾಡಿದೆನೋ ಅಲ್ಲಾಹನೇ ಬಲ್ಲ. ಸಂಜೆ ಮನೆ ತಲುಪುವಷ್ಟರಲ್ಲಿ ಇನ್ನೂ 8,800 ರೂಪಾಯಿ ಹೋಗಿತ್ತು. ಅದು ಮಗಳ ಪಿಯುಸಿ ಶುಲ್ಕಕ್ಕೆಂದು ತೆಗೆದಿಟ್ಟ ಹಣ.

ನನ್ನ ಮುಖ ನೋಡಿಯೇ ಮಗಳಿಗೆ ಏನೋ ಆಗಿದೆಯೆಂದು ಗೊತ್ತಾಯಿತು. ಎಲ್ಲವನ್ನೂ ಹೇಳಿಸಿಕೊಂಡಳು. "ಉಮ್ಮಾ, ಕದ್ದವನು ಅವನು. ನೀವೇಕೆ ನಾಚಿಕೊಂಡು ಕೂತದ್ದು?" ಎಂದವಳೇ ನನ್ನ ಕೈಯಿಂದ 1930ಕ್ಕೆ ಕರೆ ಮಾಡಿಸಿದಳು. ಅದು ಸೈಬರ್ ವಂಚನೆಯ ದೂರು ಕೊಡುವ ರಾಷ್ಟ್ರೀಯ ಸಹಾಯವಾಣಿ. ಬಳಿಕ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿದೆವು. ಎರಡನೆಯ ಸಲ ಹೋದ 8,800 ರೂಪಾಯಿ ಆಗಿನ್ನೂ ಒಂದು ಖಾತೆಯಲ್ಲೇ ಇತ್ತು. ಅದನ್ನು ಅಲ್ಲೇ ತಡೆಹಿಡಿದರು. ನಾಲ್ಕು ತಿಂಗಳ ಓಡಾಟದ ಬಳಿಕ ಅದು ಮರಳಿ ಬಂತು, ಅಲ್‌ಹಮ್ದುಲಿಲ್ಲಾಹ್. ಮೊದಲಿನ 9,900 ರೂಪಾಯಿ ಕೈಯಿಂದ ಕೈಗೆ ದಾಟಿ ಹೋಗಿತ್ತು. ನಾನು ನಾಚಿಕೆಯಿಂದ ಕಳೆದ ಆ ಮೂರು ಗಂಟೆಗಳಿಗೆ ತೆತ್ತ ಬೆಲೆ ಅದು.

ಅಂದು ರಾತ್ರಿ ಮಗಳನ್ನು ಪಕ್ಕದಲ್ಲಿ ಕೂರಿಸಿ ಫೋನಿನಲ್ಲಿರುವ ಆ್ಯಪ್‌ಗಳನ್ನು ಎಣಿಸಿದೆ. ಐವತ್ತೊಂದು! ಅರ್ಧದಷ್ಟನ್ನು ಯಾವಾಗ ಹಾಕಿಕೊಂಡೆನೆಂಬುದೇ ನೆನಪಿಲ್ಲ. ಒಂದೊಂದರ ಮುಂದೆಯೂ ಮೂರು ಪ್ರಶ್ನೆ ಇಟ್ಟೆವು.

ಇದನ್ನು ಮಾಡಿದವರು ಯಾರು? ಇದು ಮಾಡುವ ಕೆಲಸಕ್ಕೂ ಕೇಳುವ ಅನುಮತಿಗೂ ಸಂಬಂಧವಿದೆಯೇ? ಕಳೆದ ಒಂದು ತಿಂಗಳಲ್ಲಿ ಇದು ನನ್ನ ಸಮಯ ಉಳಿಸಿತೇ, ನುಂಗಿತೇ?

ಟಾರ್ಚ್ ಉರಿಸುವ ಒಂದು ಆ್ಯಪ್ ನನ್ನ ಫೋನಿನಲ್ಲಿರುವ ಎಲ್ಲ ಹೆಸರು, ನಂಬರ್‌ಗಳನ್ನು ನೋಡಲು ಅನುಮತಿ ಪಡೆದಿತ್ತು. ಬೆಳಕು ಕೊಡಲು ಅದಕ್ಕೆ ನನ್ನ ನಾದಿನಿಯ ನಂಬರ್ ಏಕೆ ಬೇಕು? ಇನ್ನೊಬ್ಬರು ನನ್ನನ್ನು ನಂಬಿ ಕೊಟ್ಟ ನಂಬರ್ ನನ್ನ ಬಳಿಯಿರುವ ಅಮಾನತ್ತು. ಅವರನ್ನು ಕೇಳದೆ ಯಾರಿಗೋ ಕೊಟ್ಟುಬಿಡುವ ಹಕ್ಕು ನನಗಿದೆಯೇ? ಮದ್ರಸದಲ್ಲಿ ಅಮಾನತ್ತಿನ ಪಾಠವನ್ನು ಎಷ್ಟು ಸಲ ಓದಿದ್ದೆ! ಅದು ಕಿಸೆಯಲ್ಲಿರುವ ಫೋನಿಗೂ ಅನ್ವಯಿಸುತ್ತದೆಂದು ಹೊಳೆದದ್ದು ಅಂದೇ.

ವಾಟ್ಸಪ್, ಕ್ಯಾಮರಾದಂಥವನ್ನು ಬಿಟ್ಟರೆ ಕೊನೆಗೆ ಉಳಿದದ್ದು ಒಂಬತ್ತು. ಅವುಗಳ ಬಗ್ಗೆಯೇ ಈ ಬರಹ.

ಉಮ್ಮನ ಕನ್ನಡ

ಮೊದಲನೆಯದು ಜೀಬೋರ್ಡ್ ಎಂಬ ಕೀಲಿಮಣೆ. ಇದರಲ್ಲಿ ಕನ್ನಡ ಭಾಷೆಯನ್ನು ಸೇರಿಸಿಕೊಂಡು ಮೈಕಿನ ಚಿತ್ರ ಒತ್ತಿ ಮಾತನಾಡಿದರೆ ಸಾಕು, ಅಕ್ಷರಗಳು ತಾವಾಗಿಯೇ ಮೂಡುತ್ತವೆ. ನನ್ನ ಉಮ್ಮ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು. ಓದಲು ಬರುತ್ತದೆ, ಆದರೆ ಬರೆದು ರೂಢಿಯಿಲ್ಲ. ಅಂಗಡಿಗೆ ಚೀಟಿ ಬರೆಸಲು ಮೊಮ್ಮಕ್ಕಳ ದಾರಿ ಕಾಯಬೇಕಿತ್ತು. ಈಗ ತಾವೇ ಫೋನ್ ಹಿಡಿದು "ಕುಚ್ಚಲಕ್ಕಿ ಐದು ಕಿಲೋ, ತೆಂಗಿನೆಣ್ಣೆ ಒಂದು ಲೀಟರ್" ಎನ್ನುತ್ತಾರೆ. ಅದು ಅಂಗಡಿಯವನಿಗೆ ಹೋಗುತ್ತದೆ.

ಒಂದೇ ತೊಡಕು. ಉಮ್ಮನಿಗೆ ಆತುರವಾದಾಗ ಬ್ಯಾರಿ ಭಾಷೆ ಬಂದುಬಿಡುತ್ತದೆ. ಆಗ ಪರದೆಯ ಮೇಲೆ ಮೂಡುವ ಕನ್ನಡವನ್ನು ಓದಿ ಮನೆಮಂದಿಯೆಲ್ಲ ನಗಬೇಕು! "ಇದಕ್ಕೆ ಶಾಲೆಯ ಕನ್ನಡವೇ ಆಗಬೇಕು ಮಗಳೇ" ಎಂದು ಅವರು ಗಂಟಲು ಸರಿಪಡಿಸಿಕೊಂಡು ಮತ್ತೆ ಶುರು ಮಾಡುತ್ತಾರೆ. ಎಪ್ಪತ್ತರ ವಯಸ್ಸಿನಲ್ಲಿ ತಮ್ಮ ಚೀಟಿ ತಾವೇ ಬರೆಯುವ ಆ ಖುಷಿಯನ್ನು ನೋಡಬೇಕು.

ಬಿಸ್ಕತ್ತಿನ ಡಬ್ಬಿಗೆ ಬದಲಾಗಿ

ನಮ್ಮ ಮನೆಗಳಲ್ಲಿ ದಾಖಲೆ ಪತ್ರಗಳು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿರುತ್ತವೆ. ಬೇಕಾದಾಗ ಡಬ್ಬಿ ಸಿಗುವುದಿಲ್ಲ, ಡಬ್ಬಿ ಸಿಕ್ಕಿದರೆ ಪತ್ರ ಸಿಗುವುದಿಲ್ಲ. ಎರಡನೆಯ ಆ್ಯಪ್ ಡಿಜಿಲಾಕರ್ ಈ ಪರದಾಟ ತಪ್ಪಿಸುತ್ತದೆ. ಕೇಂದ್ರ ಸರಕಾರ ಇದನ್ನು 2015ರ ಜುಲೈಯಲ್ಲಿ ಆರಂಭಿಸಿತು. ಆಧಾರ್, ಪಾನ್, ವಾಹನದ ಆರ್‌ಸಿ, ಚಾಲನಾ ಪರವಾನಗಿ, ಮಕ್ಕಳ ಅಂಕಪಟ್ಟಿ ಮುಂತಾದವು ಆಯಾ ಇಲಾಖೆಯಿಂದಲೇ ನೇರವಾಗಿ ಇದಕ್ಕೆ ಬಂದು ಕೂರುತ್ತವೆ.

ಇಲ್ಲಿ ಒಂದು ವ್ಯತ್ಯಾಸವನ್ನು ಅನೇಕರು ಗಮನಿಸುವುದಿಲ್ಲ. ಇಲಾಖೆಯೇ ನೀಡಿದ ದಾಖಲೆ ಬೇರೆ, ನಾವು ಫೋಟೋ ತೆಗೆದು ಏರಿಸಿದ ಪ್ರತಿ ಬೇರೆ. ಮೊದಲನೆಯದಕ್ಕೆ ಮೂಲ ಪತ್ರದಷ್ಟೇ ಮಾನ್ಯತೆಯಿದೆ. 2017ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ನಿಯಮ ಇದನ್ನು ಸ್ಪಷ್ಟಪಡಿಸಿದೆ. ಎರಡನೆಯದು ನಮ್ಮ ನೆನಪಿಗಾಗಿ ಇರುವ ನಕಲು ಮಾತ್ರ. ರಸ್ತೆಯಲ್ಲಿ ಪೊಲೀಸರು ತಡೆದಾಗ ಗ್ಯಾಲರಿಯಲ್ಲಿರುವ ಫೋಟೋ ತೋರಿಸಿ ವಾದ ಮಾಡುವವರು ಇದನ್ನು ತಿಳಿದಿರಬೇಕು.

ಹಣದ ಆ್ಯಪ್, ಪಿನ್‌ನ ನಿಯಮ

ಮೂರನೆಯದು ಭೀಮ್. ಯುಪಿಐ ಮೂಲಕ ಹಣ ಕಳುಹಿಸುವ ಈ ಆ್ಯಪ್ 2016ರ ಡಿಸೆಂಬರ್ 30ರಂದು ಬಂತು. ಇಂತಹ ಆ್ಯಪ್‌ಗಳು ಹಲವಿವೆ. ಯಾವುದನ್ನು ಬಳಸಿದರೂ ನಿಯಮ ಒಂದೇ. ಪಿನ್ ಹಾಕುವುದು ಹಣ ಕೊಡಲು ಅಥವಾ ಖಾತೆಯಲ್ಲಿರುವ ಮೊತ್ತ ನೋಡಲು. ಹಣ ಪಡೆಯಲು ಪಿನ್ ಬೇಕಾಗಿಲ್ಲ. 'ನಿಮಗೆ ಹಣ ಬಂದಿದೆ, ಪಿನ್ ಹಾಕಿ ಸ್ವೀಕರಿಸಿ' ಎಂದು ಯಾರಾದರೂ ಹೇಳಿದರೆ ಅವನು ಕಳ್ಳನೆಂದೇ ತಿಳಿಯಿರಿ. ಈ ಒಂದು ವಾಕ್ಯವನ್ನು ಮನೆಯ ಹಿರಿಯರಿಗೆ ಬಾಯಿಪಾಠ ಮಾಡಿಸಿದರೆ ಎಷ್ಟೋ ಮನೆಗಳು ಉಳಿಯುತ್ತವೆ.

ನನಗೆ ಪೆಟ್ಟು ಬಿದ್ದ ಬಳಿಕ ನಾನು ಎರಡು ಕೆಲಸ ಮಾಡಿದೆ. ಸಂಬಳದ ಖಾತೆಯನ್ನು ಯುಪಿಐಯಿಂದ ಬಿಡಿಸಿದೆ. ಬೇರೊಂದು ಸಣ್ಣ ಖಾತೆಯಲ್ಲಿ ತಿಂಗಳ ಖರ್ಚಿನಷ್ಟು ಮಾತ್ರ ಇಟ್ಟು ಅದನ್ನು ಜೋಡಿಸಿದೆ. ಹಾಲು, ಮೀನು, ತರಕಾರಿಯಂತಹ ಚಿಲ್ಲರೆ ಖರ್ಚಿಗೆ ಯುಪಿಐ ಲೈಟ್ ಬಳಸುತ್ತೇನೆ. 2024ರ ಡಿಸೆಂಬರ್‌ನಲ್ಲಿ ಅದರ ಮಿತಿಯನ್ನು ಒಟ್ಟು 5,000 ರೂಪಾಯಿಗೂ ಒಂದು ಸಲಕ್ಕೆ 1,000 ರೂಪಾಯಿಗೂ ಏರಿಸಲಾಯಿತು. ಮನೆಯ ಬೀರುವನ್ನು ಹೊತ್ತುಕೊಂಡು ಯಾರೂ ಸಂತೆಗೆ ಹೋಗುವುದಿಲ್ಲ, ಚೀಲದಲ್ಲಿ ಬೇಕಾದಷ್ಟು ಒಯ್ಯುತ್ತಾರೆ. ಇಲ್ಲಿಯೂ ಅಷ್ಟೇ.

ದಾರಿ ಮತ್ತು ಜಾಗ

ನಾಲ್ಕನೆಯದು ಗೂಗಲ್ ಮ್ಯಾಪ್ಸ್. ಘಟ್ಟದ ದಾರಿಯಲ್ಲಿ ನೆಟ್‌ವರ್ಕ್ ಕೈಕೊಡುವುದು ನಮಗೆ ಹೊಸತಲ್ಲ. ಹೊರಡುವ ಮುನ್ನ ಮನೆಯಲ್ಲೇ ಆ ಪ್ರದೇಶದ ನಕ್ಷೆಯನ್ನು ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ಅದು ದಾರಿ ತೋರಿಸುತ್ತದೆ. ಮಗಳು ಕಾಲೇಜಿನಿಂದ ತಡವಾಗಿ ಬರುವ ದಿನ ತಾನಿರುವ ಜಾಗವನ್ನು ಒಂದು ಗಂಟೆಯ ಮಟ್ಟಿಗೆ ನನಗೆ ಕಾಣುವಂತೆ ಮಾಡುತ್ತಾಳೆ. ಅದು ಅವಳೇ ಒಪ್ಪಿ ಕೊಟ್ಟದ್ದು, ನಾನು ಕದ್ದು ನೋಡುವುದಲ್ಲ. ಈ ವ್ಯತ್ಯಾಸ ತಾಯಂದಿರಿಗೆ ಗೊತ್ತಿರಲಿ.

ಆದರೆ ನಕ್ಷೆಯನ್ನು ಕಣ್ಣುಮುಚ್ಚಿ ನಂಬಬಾರದು. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಸಮೀಪ ಅಪೂರ್ಣ ಸೇತುವೆಯಿಂದ ಕಾರು ನದಿಗೆ ಬಿದ್ದು ಮೂವರು ಸತ್ತರು. ಅವರು ಮೊಬೈಲ್ ನಕ್ಷೆಯ ದಾರಿ ಹಿಡಿದಿದ್ದರೆಂದು ಆಗ ವರದಿಯಾಗಿತ್ತು. ಮಳೆಗಾಲದಲ್ಲಿ, ರಾತ್ರಿ ಹೊತ್ತಿನಲ್ಲಿ, ದಾರಿಬದಿಯ ಅಂಗಡಿಯವನನ್ನು ಒಂದು ಮಾತು ಕೇಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಐದನೆಯದು ನಮ್ಮ ಕರ್ನಾಟಕದ್ದೇ ಆದ ದಿಶಾಂಕ್. ರಾಜ್ಯ ದೂರಸಂವೇದಿ ಕೇಂದ್ರ ಸಿದ್ಧಪಡಿಸಿದ ಈ ಆ್ಯಪ್ ತೆರೆದು ಒಂದು ಜಾಗದಲ್ಲಿ ನಿಂತರೆ ಆ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಗಲ್ಫ್‌ನಲ್ಲಿ ಹತ್ತಾರು ವರ್ಷ ದುಡಿದು ಊರಿನಲ್ಲಿ ಐದು ಸೆಂಟ್ಸ್ ಜಾಗ ಕೊಳ್ಳುವವರು ಎಷ್ಟು ಮಂದಿಯಿಲ್ಲ? ದಲ್ಲಾಳಿ ತೋರಿಸಿದ ಜಾಗ ಒಂದು, ಕಾಗದದಲ್ಲಿರುವ ಜಾಗ ಇನ್ನೊಂದು ಆಗಿ ಕಣ್ಣೀರು ಹಾಕಿದವರನ್ನು ನಾವೆಲ್ಲ ಕಂಡಿದ್ದೇವೆ. ಮುಂಗಡ ಕೊಡುವ ಮೊದಲು ಆ ಜಾಗದಲ್ಲೇ ನಿಂತು ಇದನ್ನು ತೆರೆದು ನೋಡಿದರೆ ಮೊದಲ ಸಂಶಯವಾದರೂ ಪರಿಹಾರವಾಗುತ್ತದೆ. ಇದು ಸೂಚನೆ ಮಾತ್ರ ಎಂಬುದನ್ನು ಮರೆಯಬಾರದು. ಪಹಣಿ, ನಕ್ಷೆ, ಋಣಭಾರ ಪತ್ರ, ವಕೀಲರ ಸಲಹೆ ಇವು ಯಾವುದಕ್ಕೂ ಇದು ಬದಲಿಯಲ್ಲ.

ಸಿಡಿಲು ಮತ್ತು ಪಾಠ

ಆರನೆಯದು ದಾಮಿನಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ತಯಾರಿಸಿದ ಈ ಆ್ಯಪ್ ನಾವಿರುವ ಜಾಗದ ಸುತ್ತಮುತ್ತ ಸಿಡಿಲು ಹೊಡೆಯುತ್ತಿದ್ದರೆ ಎಚ್ಚರಿಸುತ್ತದೆ. ಕರಾವಳಿ ಮತ್ತು ಘಟ್ಟದ ತಪ್ಪಲಿನಲ್ಲಿ ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳಲ್ಲಿ ಮತ್ತು ಹಿಂಗಾರಿನ ಅಕ್ಟೋಬರ್‌ನಲ್ಲಿ ಸಂಜೆ ಹೊತ್ತಿನ ಸಿಡಿಲು ಎಷ್ಟು ಭಯಂಕರವೆಂದು ಹೇಳಬೇಕಾಗಿಲ್ಲ. ಅಂಗಳದಲ್ಲಿ ಒಣಹಾಕಿದ ಅಡಿಕೆ ಎತ್ತಲು, ಬಟ್ಟೆ ತೆಗೆಯಲು ಓಡುವವರು ಹೆಚ್ಚಾಗಿ ಮನೆಯ ಹೆಂಗಸರೇ.

ಫೋನ್ ಇಲ್ಲದಾಗ ಲೆಕ್ಕ ಹಾಕುವ ಉಪಾಯವನ್ನು ನಾನು ಮಕ್ಕಳಿಗೆ ಕಲಿಸುತ್ತೇನೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ, ಕೂಡಲೇ ಒಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯ ತನಕ ಹೊರಬರಬೇಡಿ. ಮರದ ಕೆಳಗಂತೂ ನಿಲ್ಲಲೇಬೇಡಿ. ಅಡಿಕೆ ಒದ್ದೆಯಾದರೆ ಮತ್ತೆ ಒಣಗಿಸಬಹುದು.

ಏಳನೆಯದು ದೀಕ್ಷಾ. 2017ರಲ್ಲಿ ಆರಂಭವಾದ ಸರಕಾರದ ಈ ಆ್ಯಪ್ ಬಗ್ಗೆ ಶಿಕ್ಷಕರಿಗೆ ಗೊತ್ತು, ಹೆತ್ತವರಿಗೆ ಗೊತ್ತಿರುವುದು ಕಡಿಮೆ. ಮಕ್ಕಳ ಪಠ್ಯಪುಸ್ತಕದಲ್ಲಿ ಪಾಠದ ಬಳಿ ಚೌಕಾಕಾರದ ಒಂದು ಕ್ಯೂಆರ್ ಗುರುತು ಇರುವುದನ್ನು ನೀವು ನೋಡಿರಬಹುದು. ದೀಕ್ಷಾ ತೆರೆದು ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ ವೀಡಿಯೋ, ಅಭ್ಯಾಸಗಳು ಸಿಗುತ್ತವೆ. ಶುಲ್ಕವಿಲ್ಲ. ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ನೋಡಬಹುದು. ಟ್ಯೂಷನ್‌ಗೆ ಕಳುಹಿಸಲು ಶಕ್ತಿಯಿಲ್ಲದ ಮನೆಗೆ ಇದೊಂದು ಆಸರೆ. ಮಗು ಫೋನ್ ಕೇಳಿದಾಗ ಗದರಿಸುವ ಬದಲು, ಜೊತೆಯಲ್ಲಿ ಕುಳಿತು ಹದಿನೈದು ನಿಮಿಷ ಇದನ್ನು ನೋಡಿ. ಜೊತೆಯಲ್ಲಿ ಕುಳಿತು ಎಂಬುದೇ ಇಲ್ಲಿ ಮುಖ್ಯ.

ನಮಾಝಿನ ಸಮಯ

ಎಂಟನೆಯದು ನಮಾಝಿನ ಸಮಯ ಮತ್ತು ಕಿಬ್ಲಾ ತೋರಿಸುವ ಆ್ಯಪ್. ಪ್ರಯಾಣದಲ್ಲಿ ಇದರ ಉಪಕಾರ ದೊಡ್ಡದು. ಆದರೆ ಈ ವಿಷಯದಲ್ಲಿ ನಾವು ಮೈಮರೆಯುವುದು ಹೆಚ್ಚು. ದೀನಿನ ಹೆಸರಿರುವ ಆ್ಯಪ್ ಅಲ್ಲವೇ, ಅದು ಕೇಳಿದ್ದಕ್ಕೆಲ್ಲ ಅನುಮತಿ ಕೊಡುತ್ತೇವೆ.

2020ರ ನವೆಂಬರ್‌ನಲ್ಲಿ ಅಮೆರಿಕದ ವೈಸ್ ಪತ್ರಿಕೆಯ ಒಂದು ತನಿಖಾ ವರದಿ ಜಗತ್ತಿನಾದ್ಯಂತ ಮುಸ್ಲಿಮರನ್ನು ಬೆಚ್ಚಿಬೀಳಿಸಿತ್ತು. ಕೋಟಿಗಟ್ಟಲೆ ಜನ ಬಳಸುವ ಮುಸ್ಲಿಮ್ ಪ್ರೊ ಆ್ಯಪ್‌ನಿಂದ ಬಳಕೆದಾರರು ಇರುವ ಜಾಗದ ಮಾಹಿತಿ ಎಕ್ಸ್-ಮೋಡ್ ಎಂಬ ಕಂಪೆನಿಗೆ ಹೋಗುತ್ತಿತ್ತು, ಆ ಕಂಪೆನಿಯ ಗಿರಾಕಿಗಳಲ್ಲಿ ಅಮೆರಿಕ ಸೇನೆಯ ಗುತ್ತಿಗೆದಾರರೂ ಇದ್ದರು ಎಂಬುದು ಅದರ ಸಾರಾಂಶ. ಸೇನೆಗೆ ತಾವು ಮಾಹಿತಿ ಮಾರಿಲ್ಲವೆಂದು ಆ್ಯಪ್‌ನವರು ನಿರಾಕರಿಸಿದರು. ಆದರೆ ಎಕ್ಸ್-ಮೋಡ್ ಜೊತೆಗಿನ ಸಂಬಂಧವನ್ನು ಕಡಿದುಕೊಂಡರು.

ಅಂದಿನಿಂದ ಅನೇಕರು ಎಚ್ಚೆತ್ತರು. ನಮಾಝಿನ ಸಮಯ ತಿಳಿಯಲು ಆ್ಯಪ್‌ಗೆ ನಾವು ನಿಂತ ಜಾಗ ಸದಾ ಗೊತ್ತಿರಬೇಕೆಂದಿಲ್ಲ. ಊರಿನ ಹೆಸರನ್ನು ನಾವೇ ಆರಿಸಿಕೊಟ್ಟರೆ ಸಾಕು. ಕಿಬ್ಲಾ ನೋಡುವಾಗ ಮಾತ್ರ 'ಆ್ಯಪ್ ಬಳಸುವಾಗ ಮಾತ್ರ' ಎಂಬ ಅನುಮತಿ ಕೊಡಿ. ಅಂದ ಹಾಗೆ, ಫೋನಿನ ದಿಕ್ಸೂಚಿ ಹತ್ತಿರದಲ್ಲಿ ಕಬ್ಬಿಣ ಅಥವಾ ಅಯಸ್ಕಾಂತ ಇದ್ದರೆ ತಪ್ಪುತ್ತದೆ. ಅಯಸ್ಕಾಂತದ ಕವರ್ ಹಾಕಿದ ಫೋನನ್ನು ಕಬ್ಬಿಣದ ಮಂಚದ ಮೇಲಿಟ್ಟು ಕಿಬ್ಲಾ ಹುಡುಕಬೇಡಿ. ಸೂರ್ಯ ಮುಳುಗುವ ದಿಕ್ಕು ನೋಡಿ ಲೆಕ್ಕ ಹಾಕುತ್ತಿದ್ದ ನಮ್ಮ ಹಿರಿಯರೇ ಅದಕ್ಕಿಂತ ವಾಸಿ.

ಕಾವಲುಗಾರ

ಒಂಬತ್ತನೆಯದು ಸಂಚಾರ್ ಸಾಥಿ. ಕೇಂದ್ರ ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ ಇದನ್ನು ವೆಬ್‌ಸೈಟ್ ರೂಪದಲ್ಲಿ ತಂದಿತ್ತು. 2025ರ ಜನವರಿಯಲ್ಲಿ ಆ್ಯಪ್ ಬಂತು. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆಯೆಂದು ಇದರಲ್ಲಿ ನೋಡಬಹುದು. ನಮಗೆ ಗೊತ್ತಿಲ್ಲದ ನಂಬರ್ ಇದ್ದರೆ ಅಲ್ಲೇ ತಿಳಿಸಬಹುದು. ಫೋನ್ ಕಳೆದುಹೋದರೆ ಅದನ್ನು ಯಾವ ಸಿಮ್ ಹಾಕಿದರೂ ನಡೆಯದಂತೆ ತಡೆಯಬಹುದು. ಅದಕ್ಕೆ ಪೊಲೀಸ್ ದೂರಿನ ಪ್ರತಿ ಮತ್ತು ಫೋನಿನ ಐಎಂಇಐ ನಂಬರ್ ಬೇಕು. *#06# ಒತ್ತಿದರೆ ಆ ನಂಬರ್ ಕಾಣುತ್ತದೆ. ಇವತ್ತೇ ಒತ್ತಿ, ಒಂದು ಕಾಗದದಲ್ಲಿ ಬರೆದು ಆ ಬಿಸ್ಕತ್ತಿನ ಡಬ್ಬಿಯಲ್ಲಿಡಿ. ಫೋನ್ ಹೋದ ಮೇಲೆ ಫೋನಿನಲ್ಲಿ ನೋಡಲಾಗದು!

ನನ್ನ ಕಥೆ ಹೇಳಿದ ಮೇಲೆ

ಹಣ ಹೋದ ಮೂರನೆಯ ವಾರ ನಮ್ಮ ಓಣಿಯ ಹೆಂಗಸರು ಒಂದು ಮನೆಯಲ್ಲಿ ಸೇರಿದ್ದರು. ಗಟ್ಟಿ ಮನಸ್ಸು ಮಾಡಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಕಾರ್ಡಿನ ನಂಬರ್ ನಾನೇ ಕೊಟ್ಟದ್ದನ್ನೂ ಮೂರು ಗಂಟೆ ಬಾಯಿಮುಚ್ಚಿ ಕುಳಿತದ್ದನ್ನೂ ಬಿಡಲಿಲ್ಲ. ಯಾರೂ ನಗಲಿಲ್ಲ. ಒಂದು ಕ್ಷಣ ಮೌನ. ಬಳಿಕ ಮೂಲೆಯಲ್ಲಿದ್ದ ಒಬ್ಬ ಸಹೋದರಿ ಮೆಲ್ಲಗೆ, "ನನಗೂ ಹೋಗಿದೆ ಟೀಚರೇ, ನಾಲ್ಕು ಸಾವಿರ. ಮನೆಯಲ್ಲಿ ಇನ್ನೂ ಹೇಳಿಲ್ಲ" ಎಂದರು. ಅವರ ಬೆನ್ನಿಗೆ ಇನ್ನೊಬ್ಬರು. ನಾವು ನಾಚಿ ಮುಚ್ಚಿಟ್ಟದ್ದೇ ಕಳ್ಳರಿಗೆ ಬಂಡವಾಳವಾಗಿತ್ತು.

ಅಂದು ನಾನು ಹೇಳಿದ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ವಾಟ್ಸಪ್‌ನಲ್ಲಿ ಬಂದ ಫೈಲಿನ ಹೆಸರಿನ ಕೊನೆಗೆ 'ಎಪಿಕೆ' ಎಂಬ ಅಕ್ಷರಗಳಿದ್ದರೆ ಅದು ಚಿತ್ರವೂ ಅಲ್ಲ, ಪತ್ರವೂ ಅಲ್ಲ. ಅದು ಆ್ಯಪ್. ಮದುವೆಯ ಕರೆಯೋಲೆಯ ಹೆಸರಿನಲ್ಲಿ, ಬ್ಯಾಂಕಿನ ಹೆಸರಿನಲ್ಲಿ, ದಂಡದ ಹೆಸರಿನಲ್ಲಿ ಬರುತ್ತದೆ. ಪರಿಚಯದವರ ನಂಬರಿನಿಂದಲೇ ಬರಬಹುದು, ಏಕೆಂದರೆ ಅವರ ಫೋನ್ ಅದಾಗಲೇ ಕಳ್ಳನ ಕೈಯಲ್ಲಿರುತ್ತದೆ. ತೆರೆಯಬೇಡಿ. ಆ್ಯಪ್ ಬೇಕಿದ್ದರೆ ಪ್ಲೇ ಸ್ಟೋರ್‌ನಿಂದ ಮಾತ್ರ ಹಾಕಿಕೊಳ್ಳಿ. ಅಲ್ಲಿಯೂ ತಯಾರಿಸಿದವರ ಹೆಸರು ನೋಡಿ, ಸರಕಾರಿ ಆ್ಯಪ್‌ಗಳ ಹೆಸರಿನಲ್ಲೂ ನಕಲಿಗಳಿರುತ್ತವೆ. ಎಸ್‌ಎಂಎಸ್ ಓದುವ ಅನುಮತಿ ಕೊಡುವುದೆಂದರೆ ಬರುವ ಒಟಿಪಿಯನ್ನೆಲ್ಲ ಒಪ್ಪಿಸುವುದೆಂದೇ ಅರ್ಥ. ತಪ್ಪಿ ತೆರೆದುಬಿಟ್ಟರೆ ಮೊದಲು ನೆಟ್ ಆಫ್ ಮಾಡಿ. ಬೇರೆ ಫೋನಿನಿಂದ 1930ಕ್ಕೂ ಬ್ಯಾಂಕಿಗೂ ಕರೆ ಮಾಡಿ. 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕನದೇ ಆಗಿದ್ದರೂ ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಹಾಗಾಗಿ ಒಂದೊಂದು ನಿಮಿಷಕ್ಕೂ ಬೆಲೆಯಿದೆ.

ಇದಾಗಿ ಎರಡು ತಿಂಗಳ ನಂತರ, ಒಂದು ರಾತ್ರಿ ಇಶಾ ಕಳೆದ ಮೇಲೆ ಬಾಗಿಲು ಬಡಿದ ಸದ್ದು. ನೆರೆಮನೆಯ ಹಿರಿಯ ಹೆಂಗಸು, ಗಂಡ ತೀರಿಕೊಂಡು ಬೀಡಿ ಕಟ್ಟಿ ಜೀವನ ಸಾಗಿಸುವವರು. ಕೈಯಲ್ಲಿ ಮಗ ಕೊಡಿಸಿದ ಫೋನ್. "ಟೀಚರೇ, ಏನೋ ಬಂದಿದೆ. ಕರೆಂಟ್ ಕಟ್ ಮಾಡುತ್ತಾರಂತೆ. ನೀವು ಹೇಳಿದ ಆ ಮೂರು ಅಕ್ಷರ ಇದರಲ್ಲಿ ಉಂಟಾ ನೋಡಿ" ಎಂದರು. ನೋಡಿದೆ, ಇತ್ತು! ಅವರು ಅದನ್ನು ಮುಟ್ಟಿರಲಿಲ್ಲ. ಮಗಳ ಮದುವೆಗೆಂದು ಕೂಡಿಟ್ಟ ಹಣ ಆ ಖಾತೆಯಲ್ಲಿತ್ತು.

ಆ ಸಂದೇಶವನ್ನು ಅಳಿಸಿ, ನಂಬರನ್ನು ಬ್ಲಾಕ್ ಮಾಡಿ ಫೋನ್ ಮರಳಿಸಿದೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು ಮೆಟ್ಟಿಲಿಳಿದು ಹೋದರು. ಕಳೆದುಹೋದ ನನ್ನ 9,900 ರೂಪಾಯಿಯ ನೆನಪು ಅಂದು ಮೊದಲ ಬಾರಿಗೆ ನನ್ನನ್ನು ಚುಚ್ಚಲಿಲ್ಲ.

ಪ್ರಿಯ ಓದುಗರೇ, ಇಂದು ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನಿಮ್ಮ ಫೋನಿನ ಆ್ಯಪ್‌ಗಳನ್ನೊಮ್ಮೆ ಎಣಿಸಿ. ಮೂರು ಪ್ರಶ್ನೆ ಕೇಳಿ. ಬೇಡವಾದದ್ದನ್ನು ಅಳಿಸಿ. ಮೋಸ ಹೋದವರು ಯಾರಾದರೂ ಮನೆಯಲ್ಲಿದ್ದರೆ, ಅವರಿಗೆ ಬಾಯಿ ಬಿಟ್ಟು ಹೇಳಲು ಧೈರ್ಯ ಬರುವಂತಹ ಒಂದು ಮಾತನ್ನಾಡಿ. ಅಂದು ನನ್ನ ಮಗಳು ಆಡಿದಂತಹ ಮಾತು.